ಪಾಡ್ಯದ ದಿನ ಹಚ್ಚಿದ ಕೆಂಪು

ಕುರಿಗೆ ಮರಿ ನಿಂತಿದೆಯೋ ಇಲ್ಲವೋ ಎಂದು ನನ್ನ ಕೈಗೆ ಗೊತ್ತಾಗುತ್ತದೆ. ಕೆಚ್ಚಲಿಗಿಂತ ಒಂದು ಗೇಣು ಮುಂದೆ, ಹೊಟ್ಟೆಯ ಕೆಳಗೆ ಅಂಗೈ ಇಟ್ಟು, ಮೆಲ್ಲಗೆ ಮೇಲೆತ್ತಿ ಬಿಟ್ಟರೆ ಒಳಗಿನ ಮರಿ ತೇಲಿಹೋಗಿ ಮತ್ತೆ ಬಂದು ಕೈಗೆ ತಾಗುತ್ತದೆ. ಹಿರಿಯೂರಿನ ಕಡೆ ನಮ್ಮಪ್ಪನ ರೊಪ್ಪದಲ್ಲಿ ಇದನ್ನು ಕಲಿತಾಗ ನನಗೆ ಒಂಬತ್ತು ವರ್ಷ. ಊರಿನ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಕಲಿತದ್ದಕ್ಕಿಂತ ಕುರಿಗಳ ನಡುವೆ ಕಲಿತದ್ದೇ ಹೆಚ್ಚು.

ನೀವು ಮೊಮ್ಮಕ್ಕಳು ಸ್ನೇಹಿತರನ್ನು ಮನೆಗೆ ಕರೆತಂದಾಗ, ಅಡಿಗೆಮನೆಯ ಬಾಗಿಲಲ್ಲಿ ನಿಂತ ನನ್ನನ್ನು ತೋರಿಸಿ, "ನಮ್ಮಜ್ಜಿ ತುಂಬಾ ಶೈ, ಯಾರಿಗೂ ಒಂದು ಮಾತು ಅನ್ನಲ್ಲ" ಎನ್ನುತ್ತೀರಿ. ನಿಮ್ಮ ದನಿ ಕೇಳಿದರೆ ಅದೊಂದು ಒಳ್ಳೆಯ ಗುಣವೆಂದೇ ತೋರುತ್ತದೆ. ಮಾತಾಡದೆ ಇದ್ದು ನಾನು ಏನು ಮಾಡಿದೆ ಎಂಬುದನ್ನು ಬರೆದಿಡುತ್ತಿದ್ದೇನೆ. ನಿಮ್ಮ ಅಪ್ಪನಿಗೂ ಇದು ಗೊತ್ತಿಲ್ಲ. ನಿಮ್ಮ ತಾತ ಹೋದ ಮೇಲೆ ಇದನ್ನು ಬಲ್ಲವಳು ನಾನೊಬ್ಬಳೇ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಿಮ್ಮ ಅಪ್ಪ ಈಗ ಕೆಲಸಕ್ಕೆ ಹೋಗುವ ರಿಸರ್ಚ್ ಟ್ರಯಾಂಗಲ್ ಪಾರ್ಕಿನಿಂದ ಕಾರಿನಲ್ಲಿ ಒಂದು ಗಂಟೆ ದೂರ, ಹೊಗೆಸೊಪ್ಪಿನ ಹೊಲಗಳ ನಡುವೆ, ಒಂದು ಕುರಿ ಫಾರ್ಮ್ ಇತ್ತು. ಅದರ ಯಜಮಾನ ಯುದ್ಧದ ಕಾಲದಲ್ಲಿ ಸಿಪಾಯಿಯಾಗಿ ಇಟಲಿಗೆ ಹೋಗಿ, ಅಲ್ಲಿ ಕುರಿಹಾಲಿನ ಚೀಸಿನ ರುಚಿ ಹತ್ತಿಸಿಕೊಂಡು ಬಂದ ಬಿಳಿಯ. ಆ ಸೀಮೆಯಲ್ಲಿ ಆಗ ಕುರಿಯ ಹಾಲು ಕರೆಯುವವರು ಬೇರೆ ಯಾರೂ ಇರಲಿಲ್ಲ. ಊರಿನಲ್ಲಿ ಪಶುವೈದ್ಯ ಓದಿ, ಇಲ್ಲಿಗೆ ಬಂದು ಡಾಕ್ಟರೇಟ್ ಮಾಡಿದ್ದ ನಿಮ್ಮ ತಾತನನ್ನು ಅವನು ಕೆಲಸಕ್ಕೆ ಇಟ್ಟುಕೊಂಡಿದ್ದ. ಯಾವ ಕುರಿ ಯಾವಾಗ ಮರಿ ಹಾಕಬೇಕು, ಯಾವುದು ಉಳಿಯಬೇಕು, ಯಾವುದು ಕಟುಕರ ಟ್ರಕ್ ಹತ್ತಬೇಕು ಎಂದು ತಾತ ಪಟ್ಟಿ ಮಾಡುತ್ತಿದ್ದರು. ನಾವಿಬ್ಬರೂ ಫಾರ್ಮಿನಲ್ಲೇ ಒಂದು ಟ್ರೈಲರಿನಲ್ಲಿ ಇದ್ದೆವು. ತಗಡಿನ ಡಬ್ಬಿಯಂಥ ಮನೆ ಅದು; ಗಾಳಿ ಬೀಸಿದರೆ ಪಾತ್ರೆಗಳು ಸದ್ದು ಮಾಡುತ್ತಿದ್ದವು.

ಕುರಿಗಳನ್ನು ನೋಡಿಕೊಳ್ಳುತ್ತಿದ್ದಾಕೆ ಕಪ್ಪು ಜನಾಂಗದ ಒಬ್ಬ ಹೆಂಗಸು, ಐವತ್ತು ದಾಟಿದಾಕೆ, ಗಂಡ ಇಲ್ಲ. ಮನಸ್ಸಿನಲ್ಲಿ ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ; ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಫಾರ್ಮಿನ ಅಂಚಿನಲ್ಲಿ, ಮುಂದೆ ಜಗುಲಿ ಇದ್ದ ಎರಡು ಕೋಣೆಯ ಮರದ ಮನೆಯಲ್ಲಿ ಅಕ್ಕ ಇದ್ದಳು. ಆಕೆ ಹುಟ್ಟಿದ್ದು ಅದೇ ಮನೆಯಲ್ಲಿ, ಆಕೆಯ ಅಪ್ಪ ಅಮ್ಮ ಕಣ್ಣು ಮುಚ್ಚಿದ್ದೂ ಅಲ್ಲೇ. ಆದರೂ ಮನೆ ಆಕೆಯದಲ್ಲ, ಕೆಲಸದ ಜೊತೆಗೆ ಬಂದದ್ದು. ಕೆಲಸ ಹೋದ ದಿನ ಮನೆಯೂ ಹೋಗುತ್ತದೆ. ಇದನ್ನು ಆಕೆಯೇ ನನಗೆ ತಿಳಿಸಿದ್ದಳು: ಕುರಿಗಳ ಕಡೆ ಬೆರಳು ಮಾಡಿ, ಮನೆಯ ಕಡೆ ಬೆರಳು ಮಾಡಿ, ಆಮೇಲೆ ಎರಡೂ ಬೆರಳು ಹೆಣೆದು ತೋರಿಸಿ. ಆಗ ನನಗೆ ಇಂಗ್ಲಿಷ್ ಅರ್ಧಂಬರ್ಧ ಅರ್ಥವಾಗುತ್ತಿತ್ತು, ಆಡಲು ಬಾಯಿ ಬರುತ್ತಿರಲಿಲ್ಲ. ಯಾರು ಏನು ಕೇಳಿದರೂ ಹೌದೆಂದು ತಲೆಯಾಡಿಸಿ ತಪ್ಪಿಸಿಕೊಳ್ಳುತ್ತಿದ್ದೆ.

ಆ ಫಾರ್ಮಿನಲ್ಲಿ ಕುರಿಗಳು ಮೂರು ಗುಂಪಾಗಿ ಮರಿ ಹಾಕಬೇಕಿತ್ತು. ಎಲ್ಲವೂ ಒಟ್ಟಿಗೆ ಹಾಕಿದರೆ ಹಾಲು ಕರೆಯುವ ಯಂತ್ರ ಸಾಲದು, ಎಲ್ಲವೂ ಒಟ್ಟಿಗೆ ಬತ್ತಿದರೆ ಚೀಸಿಗೆ ಹಾಲಿಲ್ಲ. ಅದಕ್ಕೆ ಅವರ ಉಪಾಯ ಬಣ್ಣ. ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಟಗರುಗಳ ಎದೆಗೆ ಬಳಿಯುವುದು. ಟಗರು ಹಾರಿದ ಕುರಿಯ ಸೊಂಟಕ್ಕೆ ಅದು ಹತ್ತುತ್ತದೆ. ಮೊದಲ ಹದಿನೇಳು ದಿನ ಹಳದಿ, ಆಮೇಲೆ ಅಷ್ಟೇ ದಿನ ಕೆಂಪು, ಕೊನೆಗೆ ನೀಲಿ. ಹಳದಿಯೊಂದೇ ಇದ್ದರೆ ಮೊದಲ ಗುಂಪು. ಹಳದಿಯ ಮೇಲೆ ಕೆಂಪು ಬಿದ್ದರೆ ಮೊದಲ ಸಲ ಮರಿ ನಿಲ್ಲಲಿಲ್ಲ ಎಂದರ್ಥ, ಅದು ಎರಡನೆಯ ಗುಂಪು. ಯಾವ ಬಣ್ಣವೂ ಹತ್ತದ್ದು ಗೊಡ್ಡು. ಮರಿ ಹಾಕುವ ಮುಂಚಿನ ಆರು ವಾರ ಮಾತ್ರ ಕುರಿಗೆ ಕಾಳು. ಬೇಗ ಕೊಟ್ಟರೆ ಮರಿ ದಪ್ಪವಾಗಿ ತಾಯಿ ಸಾಯುತ್ತದೆ, ತಡವಾದರೆ ಕೆಚ್ಚಲು ತುಂಬುವುದಿಲ್ಲ. ಹೀಗೆ ಇಡೀ ವರ್ಷದ ಹಾಲು ಸೊಂಟದ ಮೇಲಿನ ಆ ಬಣ್ಣವನ್ನು ನಂಬಿಕೊಂಡಿತ್ತು. ಬಳಿಯುವ ಕೆಲಸ ಅಕ್ಕನದು.

ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ನಮ್ಮ ಕಡೆ ಟಗರಿಗೆ ಬಣ್ಣ ಬಳಿಯುವುದು ಹಬ್ಬಕ್ಕೆ. ಬಲಿಪಾಡ್ಯಮಿಯ ದಿನ ಕುರಿಗಳನ್ನು ತೊಳೆದು, ಹಣೆಗೆ, ಬೆನ್ನಿಗೆ, ಸೊಂಟಕ್ಕೆ ಕೆಮ್ಮಣ್ಣು ಹಚ್ಚಿ, ಆರತಿ ಎತ್ತಿದ ಮೇಲೆಯೇ ಮನೆಯವರು ಉಣ್ಣುತ್ತಿದ್ದದ್ದು. ದೀಪಾವಳಿ ಹತ್ತಿರ ಬಂದಾಗ ಅಕ್ಕ ಟಗರುಗಳ ಎದೆಗೆ ಹಳದಿ ಬಳಿಯುವುದನ್ನು ನೋಡಿ, ಇಲ್ಲಿಯೂ ಈ ಪದ್ಧತಿ ಇದೆಯಲ್ಲ ಎಂದು ನನಗೆ ಸಂತೋಷವಾಗಿತ್ತು. ತಾತನನ್ನು ಕೇಳಲಿಲ್ಲ. ಕುರಿಯ ಮಾತು ಎತ್ತಿದರೆ ಅವರಿಗೆ ಆಗುತ್ತಿರಲಿಲ್ಲ. "ಕುರಿ ಕಾಯೋರ ಥರ ಮಾತಾಡ್ಬೇಡ" ಎನ್ನುತ್ತಿದ್ದರು. ಅವರ ಅಪ್ಪನೂ ಕುರಿ ಕಾಯುತ್ತಿದ್ದವರೇ.

ಆ ವರ್ಷ ಪಾಡ್ಯ ಭಾನುವಾರ ಬಂತು. ತಾತ ಮೀಟಿಂಗಿಗೆಂದು ಅಟ್ಲಾಂಟಾಕ್ಕೆ ಹೋಗಿದ್ದರು. ಅಕ್ಕ ಚರ್ಚಿಗೆ ಹೋದರೆ ಭಾನುವಾರ ಪೂರ್ತಿ ಅಲ್ಲೇ. ಕೊಟ್ಟಿಗೆಯಲ್ಲಿ ಹೊಸದಾಗಿ ತೆರೆದ ಕೆಂಪು ಪುಡಿಯ ಡಬ್ಬಿ ಇತ್ತು. ನಮ್ಮ ಕೆಮ್ಮಣ್ಣಿಗಿಂತ ಚೆನ್ನಾಗಿತ್ತು. ಎಣ್ಣೆಯಲ್ಲಿ ಕಲಸಿಕೊಂಡು, ನೂರಕ್ಕೂ ಮಿಕ್ಕ ಕುರಿಗಳನ್ನು ಒಂದೊಂದಾಗಿ ಹಿಡಿದು, ಹಣೆಗೆ ಬೊಟ್ಟು, ಬೆನ್ನಿಗೆ ಒಂದು ಗೀಟು, ಸೊಂಟಕ್ಕೆ ಅಂಗೈಯ ಅಚ್ಚು ಹಾಕುತ್ತ ಹೋದೆ. ಮದುವೆಯಾಗಿ ಬಂದ ಮೇಲೆ ಅಷ್ಟು ಖುಷಿಯಾಗಿದ್ದ ದಿನ ಇನ್ನೊಂದಿಲ್ಲ. ನಮ್ಮಪ್ಪ ಹಾಕುತ್ತಿದ್ದ ಹಾಗೆ ಕೇಕೆ ಕೂಡ ಹಾಕಿದೆ. ಕುರಿಗಳ ಹೊರತು ಯಾರೂ ಕೇಳಲಿಲ್ಲ.

ಸಂಜೆ ಅಕ್ಕ ಬಂದಳು, ತಲೆಯ ಮೇಲೆ ಚರ್ಚಿನ ಹ್ಯಾಟು. ಹಿಂಡನ್ನು ನೋಡಿ ಹಾಗೇ ನಿಂತುಬಿಟ್ಟಳು. ಆಮೇಲೆ ನನ್ನ ಹತ್ತಿರ ಬಂದು ನಿಧಾನವಾಗಿ, ಬಿಡಿಸಿ ಬಿಡಿಸಿ ಕೇಳಿದಳು. ಅವರೆಲ್ಲರ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ.

"ಕಂದಾ, ಇದನ್ನ ಡಾಕ್ಟರು ಮಾಡು ಅಂದ್ರಾ?"

ಹೌದೆಂದು ತಲೆಯಾಡಿಸಿದೆ.

"ಎಲ್ಲದಕ್ಕೂ? ಹಳದಿ ಮೇಲೂ?"

ಮತ್ತೆ ಹೌದೆಂದೆ. ಅಕ್ಕ ತಲೆ ಕೊಡವಿ ನಕ್ಕಳು. "ಓದಿದೋರ ತಲೆಯಲ್ಲಿ ಏನಿರುತ್ತೋ ದೇವರಿಗೇ ಗೊತ್ತು" ಎಂದು ಬಟ್ಟೆ ಬದಲಾಯಿಸಲು ಹೋದಳು.

ಆ ರಾತ್ರಿಯಿಂದ ಮಳೆ ಹಿಡಿಯಿತು. ಸೋಮವಾರ ಪೂರ್ತಿ ಸುರಿಯಿತು. ಕುರಿಗಳು ಒಂದಕ್ಕೊಂದು ಮೈ ಉಜ್ಜಿಕೊಂಡು ನಿಂತು, ನನ್ನ ಅಂಗೈಯ ಅಚ್ಚುಗಳೆಲ್ಲ ಕರಗಿ, ಉಣ್ಣೆಯ ಮೇಲೆ ಬರೀ ಕೆಂಪು ಹರಡಿಕೊಂಡಿತು. ಅದರ ಕೆಳಗೆ ಹಳದಿ ಇತ್ತೋ ಇಲ್ಲವೋ ಯಾರೂ ಹೇಳುವಂತಿರಲಿಲ್ಲ. ಹಳದಿಯ ಪಟ್ಟಿಯನ್ನು ಅಟ್ಲಾಂಟಾದಿಂದ ಬಂದು ಬರೆದುಕೊಂಡರಾಯಿತೆಂದು ತಾತ ಬಿಟ್ಟುಹೋಗಿದ್ದರು.

ಮಂಗಳವಾರ ಬೆಳಿಗ್ಗೆ ಅವರು ಕಾಗದ ಹಿಡಿದು ಬೇಲಿಯ ಹತ್ತಿರ ಬಂದಾಗ ಯಜಮಾನನೂ ಬಂದ. ನಾನು ಟ್ರೈಲರಿನ ಮುಂದೆ ಬಟ್ಟೆ ಒಣಹಾಕುತ್ತಿದ್ದೆ. ಕೂಗಾಟ ಕೇಳಿ ಹತ್ತಿರ ಹೋದೆ.

"ಏನಿದು, ಫಾರ್ಮಾ ಸರ್ಕಸ್ಸಾ?" ಎಂದು ಯಜಮಾನ ಅಕ್ಕನನ್ನು ಕೇಳುತ್ತಿದ್ದ. "ಹಣೆ ಮೇಲೂ ಕೆಂಪು! ಟಗರಿಗೆ ತಲೆ ಯಾವುದು ಬಾಲ ಯಾವುದು ಗೊತ್ತಾಗಲಿಲ್ಲವೋ, ಬಳಿಯೋಳಿಗೇ ಗೊತ್ತಾಗಲಿಲ್ಲವೋ? ಭಾನುವಾರ ಚರ್ಚಿನಲ್ಲಿ ಏನು ಕುಡಿಸಿದರು ನಿನಗೆ?"

"ನಾನು ಕುಡಿಯೋಳಲ್ಲ, ಸರ್. ಅದು ನಿಮಗೂ ಗೊತ್ತು. ಇದು ಡಾಕ್ಟರ ಹೆಂಡತಿ ಹಚ್ಚಿದ್ದು. ಡಾಕ್ಟರು ಹೇಳಿದ್ರು ಅಂತ ನನಗೆ ತಲೆಯಾಡಿಸಿದಳು. ಅಗೋ, ಬಂದಳಲ್ಲ. ಅವಳನ್ನೇ ಕೇಳಿ."

ಯಜಮಾನ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ ನಕ್ಕ. "ಇವಳಾ? ಇವಳು ನನ್ನ ನೆರಳು ಕಂಡರೆ ಓಡ್ತಾಳೆ. ಡಾಕ್ಟರ್, ಹೋಗಲಿ, ಕೇಳಿಬಿಡು ನಿನ್ನ ಭಾಷೆಯಲ್ಲಿ."

ನಿಮ್ಮ ತಾತ ಆಗಲೇ ಕುರಿಗಳ ಹಣೆ ನೋಡಿದ್ದರು, ನನ್ನ ಉಗುರುಗಳನ್ನೂ ನೋಡಿದ್ದರು. ಅವರಿಗೆ ಎಲ್ಲ ತಿಳಿದುಹೋಗಿತ್ತು. ಸಣ್ಣ ಮಗುವನ್ನು ವಿಚಾರಿಸುವವರ ಹಾಗೆ ಬಗ್ಗಿ, ಮೃದುವಾದ ದನಿಯಲ್ಲಿ ನನಗೆ ಹೇಳಿದರು:

"ಕೈ ಸೆರಗಿನೊಳಗೆ ಇಟ್ಕೋ. ಇಲ್ಲ ಅಂತ ತಲೆ ಅಲ್ಲಾಡ್ಸು, ಅಷ್ಟೇ ಸಾಕು. ಬಾಯಿ ಬಿಟ್ರೆ ಇಬ್ರೂ ಫಿನಿಶ್."

ಯಜಮಾನ ಏನು ಕೇಳಿದ್ದನೆಂದು ನನಗೆ ಅರ್ಥವಾಗಿತ್ತು. ಅಕ್ಕ ಏನು ಹೇಳಿದಳೆಂದೂ ಅರ್ಥವಾಗಿತ್ತು. ಆಕೆಗೆ ಏನು ಹೋಗುತ್ತದೆ ಎಂಬುದಂತೂ ಹೆಣೆದ ಎರಡು ಬೆರಳಿನಷ್ಟು ಸ್ಪಷ್ಟವಾಗಿತ್ತು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ಇಲ್ಲವೆಂದು ತಲೆ ಅಲ್ಲಾಡಿಸಿದೆ. ಒಂದು ಸಲ ಸಾಕಿತ್ತು. ನಾನು ಎರಡು ಸಲ ಅಲ್ಲಾಡಿಸಿದೆ.

ಅಕ್ಕ ಬಾಯಿ ಸ್ವಲ್ಪ ತೆರೆದು ನನ್ನನ್ನೇ ನೋಡುತ್ತ ನಿಂತಳು. ಯಜಮಾನ ಆಗಲೇ ತೀರ್ಮಾನ ಹೇಳಿದ. ಮರಿ ಹಾಕಿಸಲು ಬೇರೆ ಯಾರಿಗೂ ಗೊತ್ತಿಲ್ಲವಾದ್ದರಿಂದ ಆಕೆ ವಸಂತದವರೆಗೆ ಇರಬೇಕು. ಗುಂಪುಗಳು ಸರಿಯಾಗಿ ಬಂದು ಹಾಲಿಗೆ ಕುತ್ತು ಬರದಿದ್ದರೆ ಆಮೇಲೆ ನೋಡೋಣ. ಇಲ್ಲವಾದರೆ ಮನೆ ಖಾಲಿ ಮಾಡಬೇಕು.

ಟ್ರೈಲರಿಗೆ ಬಂದ ಮೇಲೆ ನಾನು, "ರೀ, ಹೇಳಿಬಿಡೋಣ. ಆಯಮ್ಮನ ಮನೆ ಹೋಗುತ್ತೆ" ಎಂದೆ.

"ಹೇಳು. ಹೇಳಿ ಸೂಟ್‌ಕೇಸ್ ಪ್ಯಾಕ್ ಮಾಡು" ಎಂದರು ತಾತ. "ಅವನ ಲೆಟರ್ ಇಲ್ದೆ ಗ್ರೀನ್ ಕಾರ್ಡ್ ಬರಲ್ಲ. ಊರಿಗೆ ಹೋಗಿ ನಿಮ್ಮಪ್ಪನ ಕುರಿ ಕಾಯೋಣ, ನೀನೊಂದು ಕಂಬಳಿ, ನಾನೊಂದು ಕಂಬಳಿ. ಕೆಮ್ಮಣ್ಣು ಫ್ರೀಯಾಗಿ ಸಿಗುತ್ತೆ, ದಿನಾ ಹಚ್ಚು."

ಅವರು ತಡೆದರು ಎಂದು ನಿಮಗೆ ಹೇಳಿದರೆ ಅರ್ಧ ಸುಳ್ಳಾಗುತ್ತದೆ. ನನಗೂ ಊರಿಗೆ ಹಿಂದಿರುಗುವುದು ಬೇಡವಾಗಿತ್ತು. ಇಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತಿತ್ತು. ವಿಮಾನ ಹತ್ತಿದವಳೆಂದು ಊರಿನಲ್ಲಿ ನನ್ನ ಹೆಸರು ಹೇಳುತ್ತಿದ್ದರು. ಅಕ್ಕನ ಮನೆಗಿಂತ ಅದು ನನಗೆ ದೊಡ್ಡದಾಗಿ ಕಂಡಿತು.

ಆದರೆ ಒಂದು ದಾರಿ ಇದೆ ಎನಿಸಿತು. ನೀಲಿಯನ್ನು ಇನ್ನೂ ಬಳಿದೇ ಇರಲಿಲ್ಲ, ಹಾಗಾಗಿ ಮೂರನೆಯ ಗುಂಪಿಗೆ ತೊಂದರೆಯಿರಲಿಲ್ಲ. ಮಿಕ್ಕವುಗಳಲ್ಲಿ ಮೊದಲನೆಯ ಗುಂಪು ಯಾವುದು, ಎರಡನೆಯದು ಯಾವುದು, ಗೊಡ್ಡು ಯಾವುದು ಎಂದು ವಿಂಗಡಿಸಿದರೆ ಸಾಕು. ಅದು ನನ್ನ ಕೈಗೆ ಬರುತ್ತಿತ್ತು. ಗುಂಪು ಸರಿಹೋದರೆ ಅಕ್ಕನ ಮನೆ ಉಳಿಯುತ್ತದೆ. ನಾನು ಬಾಯಿ ಬಿಡುವುದೇ ಬೇಡ. ಚಳಿಗಾಲ ಕಳೆಯುವವರೆಗೆ ಈ ಲೆಕ್ಕಾಚಾರವನ್ನೇ ಅಪ್ಪಿಕೊಂಡು ಕೂತಿದ್ದೆ.

ಫೆಬ್ರವರಿಯಲ್ಲಿ ತಾತ ಯಜಮಾನನಿಗೆ, "ನನ್ನ ಹೆಂಡತಿ ಕೈಯಲ್ಲಿ ಮುಟ್ಟಿ ಹೇಳ್ತಾಳೆ" ಎಂದರು. ಅವನು ಮೊದಲು ನಕ್ಕು, ಆಮೇಲೆ ಒಪ್ಪಿದ. ಅಕ್ಕ ಒಂದೊಂದೇ ಕುರಿಯ ಕತ್ತು ಹಿಡಿದು ನಿಲ್ಲಿಸುವುದು, ನಾನು ಮಂಡಿಯೂರಿ ಹೊಟ್ಟೆಯ ಕೆಳಗೆ ಕೈಯಿಡುವುದು. ಎರಡು ದಿನ ಹೀಗೆ ನಡೆಯಿತು. ಅಷ್ಟು ಹತ್ತಿರ ಕೂತು ಅಕ್ಕ ನನ್ನ ಜೊತೆ ಒಂದು ಮಾತನ್ನೂ ಆಡಲಿಲ್ಲ. ನಾನು ಒಂದು ಬೆರಳು ಎತ್ತಿದರೆ ಮೊದಲ ಗುಂಪು, ಎರಡು ಎತ್ತಿದರೆ ಎರಡನೆಯದು. ಬರಿಗೈ ತೋರಿಸಿದರೆ ಯಜಮಾನನ ಮಗ ಅದರ ಕಿವಿಗೆ ದಾರ ಕಟ್ಟಿ ಆಚೆ ಎಳೆದುಕೊಂಡು ಹೋಗುತ್ತಿದ್ದ. ಹನ್ನೊಂದಕ್ಕೆ ಬರಿಗೈ ತೋರಿಸಿದೆ. ಟ್ರಕ್ ಬಂದಾಗ ಅವು ಹತ್ತಲು ಒಪ್ಪದೆ ನನ್ನ ಕಡೆಗೇ ತಿರುಗಿ ಬಂದವು. ಅಷ್ಟು ಹೊತ್ತಿಗೆ ನನ್ನ ವಾಸನೆ ಅವಕ್ಕೆ ಗೊತ್ತಾಗಿತ್ತು.

ಮಾರನೆಯ ದಿನ ಯಜಮಾನ ಟ್ರೈಲರಿನ ಬಾಗಿಲು ತಟ್ಟಿದ. "ಹನ್ನೊಂದರಲ್ಲಿ ಹತ್ತು ಸರಿ. ಕಟುಕರು ಕೊಯ್ದಾಗ ಒಂದರ ಹೊಟ್ಟೆಯಲ್ಲಿ ಎರಡು ಮರಿ ಇದ್ದವಂತೆ. ಪರವಾಗಿಲ್ಲ, ನಿನ್ನ ಹೆಂಡತಿ ನಿನಗಿಂತ ವಾಸಿ, ಡಾಕ್ಟರ್" ಎಂದು ತಾತನ ಬೆನ್ನು ತಟ್ಟಿ ಹೋದ. ನಾನು ಅನ್ನ ಬಸಿಯುತ್ತಿದ್ದೆ. ಬಸಿದು ಮುಗಿಸಿದೆ.

ಮಾರ್ಚ್ ಮಧ್ಯದಲ್ಲಿ, ಹೇಳಿದ ವಾರದಲ್ಲೇ, ಮೊದಲ ಗುಂಪು ಮರಿ ಹಾಕತೊಡಗಿತು. ಅಪ್ಪನ ರೊಪ್ಪದಲ್ಲಿ ಮರಿ ಕುಡಿದು ಮಿಕ್ಕರೆ ನಮಗೆ ಹಾಲು. ಇಲ್ಲಿ ಗಿಣ್ಣು ಕುಡಿಯಲು ಒಂದು ದಿನ ಬಿಟ್ಟು, ಎರಡನೆಯ ದಿನ ಮರಿಯನ್ನು ತಾಯಿಯಿಂದ ತೆಗೆಯಬೇಕಿತ್ತು. ಹೆಣ್ಣಾದರೆ ಬಕೆಟ್ ಹಾಲಿಗೆ, ಗಂಡಾದರೆ ಗೋಣಿಚೀಲಕ್ಕೆ, ಅಲ್ಲಿಂದ ಕಟುಕರ ಟ್ರಕ್ಕಿಗೆ. ತೆಗೆಯುವ ಕೆಲಸ ನನ್ನ ಮತ್ತು ಅಕ್ಕನ ಪಾಲಿಗೆ ಬಂತು. ಮರಿಗಳನ್ನು ಒಯ್ದ ಮೇಲೆ ತಾಯಿಗಳು ಬೇಲಿಗೆ ಎದೆ ಒತ್ತಿಕೊಂಡು, ಗಂಟಲು ಕಟ್ಟುವವರೆಗೆ ಕೂಗುತ್ತಿದ್ದವು. ಮೂರನೆಯ ದಿನ ಹೊತ್ತಿಗೆ ಸುಮ್ಮನಾಗಿ ಯಂತ್ರದ ಮುಂದೆ ಬಂದು ನಿಲ್ಲುತ್ತಿದ್ದವು. ಹಾಲು ಬಿಡದ ಕುರಿಗೆ ನಾನು ಕೆಚ್ಚಲನ್ನು ಮರಿ ಗುದ್ದುವ ಹಾಗೆ ಮುಷ್ಟಿಯಿಂದ ಗುದ್ದಿ ತೋರಿಸಿದೆ, ಬಿಟ್ಟಿತು. ಯಜಮಾನ ಅದನ್ನು ನೋಡಿ ಎಲ್ಲ ಕುರಿಗೂ ಹಾಗೆಯೇ ಮಾಡಿಸಿದ. ಡಬ್ಬಿಗಳು ತುಂಬಿದವು.

ಒಂದು ಮಧ್ಯಾಹ್ನ ಎರಡು ಮರಿಯ ಒಂದು ಕುರಿಗೆ ಮೊದಲನೆಯದು ಅಡ್ಡ ಸಿಕ್ಕಿಕೊಂಡಿತ್ತು. ಅಕ್ಕನ ಕೈ ದೊಡ್ಡದು, ಒಳಗೆ ಹೋಗಲಿಲ್ಲ. ನಾನು ಕೈ ಹಾಕಿ, ಕಾಲು ತಿರುಗಿಸಿ, ಹೊರಗೆಳೆದೆ. ಎರಡೂ ಬದುಕಿದವು, ಎರಡೂ ಗಂಡು. ಅಕ್ಕ ಹುಲ್ಲಿನಲ್ಲಿ ಅವನ್ನು ಒರೆಸುತ್ತ, ತಲೆ ಎತ್ತದೆ, ನವೆಂಬರಿನ ನಂತರ ಮೊದಲ ಸಲ ನನ್ನ ಜೊತೆ ಮಾತಾಡಿದಳು.

"ಅವತ್ತು ಅವನು ಕೇಳಿದ್ದು ನಿನಗೆ ಅರ್ಥವಾಗಿತ್ತು."

ನಾನು ಹೌದೆಂದು ತಲೆಯಾಡಿಸಲಿಲ್ಲ. ಇಲ್ಲವೆಂದು ಅಲ್ಲಾಡಿಸಲೂ ಇಲ್ಲ.

"ಈಗಲೂ ಅರ್ಥವಾಗ್ತಿದೆ" ಎಂದಳು ಅಕ್ಕ. "ನಾಳೆ ಹೇಳಿದರೂ ಆಗುತ್ತೆ. ನಾಡಿದ್ದು ಹೇಳಿದರೂ ಆಗುತ್ತೆ. ನಾನು ಎಲ್ಲಿಗೂ ಹೋಗ್ತಿಲ್ಲ, ಅವನು ಅಟ್ಟೋವರೆಗೆ."

ನಾಳೆಯೂ ಕಳೆಯಿತು, ನಾಡಿದ್ದೂ ಕಳೆಯಿತು. ಗುಂಪು ಸರಿಯಾಗುತ್ತಿದೆಯಲ್ಲ, ಮಾತಿನ ಅಗತ್ಯವೇನು ಎಂದು ನನಗೆ ನಾನೇ ಹೇಳಿಕೊಂಡೆ. ಎರಡನೆಯ ಗುಂಪು ಏಪ್ರಿಲ್ ಮೊದಲಲ್ಲಿ ಬಂತು, ಮೂರನೆಯದು ತಿಂಗಳ ಕೊನೆಗೆ. ಆ ವರ್ಷದಷ್ಟು ಹಾಲು ಆ ಫಾರ್ಮ್ ಹಿಂದೆಂದೂ ಕಂಡಿರಲಿಲ್ಲವಂತೆ.

ಏಪ್ರಿಲ್ ಕೊನೆಯ ದಿನ ಯಜಮಾನ ಎಲ್ಲರನ್ನೂ ಹಾಲಿನ ಕೋಣೆಗೆ ಕರೆದ. ಹೊಸ ಚೀಸನ್ನು ಕತ್ತರಿಸಿ ಒಂದೊಂದು ಚೂರು ಕೊಟ್ಟ. ಅಕ್ಕನಿಗೂ ಕೊಟ್ಟ. ನಾನು ಅಕ್ಕನ ಮುಖವನ್ನೇ ನೋಡುತ್ತಿದ್ದೆ. ಈಗ ಹೇಳುತ್ತಾನೆ, ಮನೆ ಉಳಿಯಿತು ಎನ್ನುತ್ತಾನೆ ಎಂದು ಕಾಯುತ್ತಿದ್ದೆ.

"ಡಾಕ್ಟರ್, ನಿನ್ನ ಹೆಂಡತಿ ಇಬ್ಬರ ಕೆಲಸ ಮಾಡ್ತಾಳೆ" ಎಂದ ಅವನು. "ಮುಟ್ಟಿ ಹೇಳ್ತಾಳೆ, ಮರಿ ಎಳೀತಾಳೆ, ಹಾಲು ಇಳಿಸ್ತಾಳೆ. ಎದುರು ಮಾತೂ ಇಲ್ಲ." ಆಮೇಲೆ ಅಕ್ಕನ ಕಡೆ ತಿರುಗಿದ. "ನೋಡು, ಎಲ್ಲ ಚೆನ್ನಾಗಿ ಆಯಿತು. ಇಬ್ಬರು ಬೇಕಾಗಿಲ್ಲ ಅಂತ ಗೊತ್ತೂ ಆಯಿತು. ಶನಿವಾರದ ಒಳಗೆ ಮನೆ ಬಿಟ್ಟುಕೊಡು."

ಅಕ್ಕ ಚೀಸಿನ ಚೂರನ್ನು ಬಾಯಿಗೆ ಹಾಕಿಕೊಂಡಿರಲಿಲ್ಲ. ಅದನ್ನು ಮೇಜಿನ ಅಂಚಿನಲ್ಲಿ ಇಟ್ಟು ಹೊರಟಳು. ತಾತ ಗಡಿಯಾರ ನೋಡಿಕೊಂಡರು. ಆಗಲಾದರೂ ಬಾಯಿ ಬಿಡಬಹುದಿತ್ತು. ಅಲ್ಲಿದ್ದವರು ನಾಲ್ಕೇ ಜನ, ನನಗೆ ಬೇಕಾದ ಇಂಗ್ಲಿಷ್ ಮೂರೇ ಪದ, ಆ ಮೂರೂ ನನಗೆ ಬರುತ್ತಿದ್ದವು. ನನ್ನ ಬಾಯಲ್ಲಿ ಚೀಸ್ ಇತ್ತು. ನುಂಗಿದೆ.

ಶನಿವಾರ ಆಕೆಯ ತಂಗಿಯ ಮಗ ಪಿಕಪ್ ಟ್ರಕ್ ತಂದ. ಒಂದು ಮಂಚ, ಒಂದು ಬೀರು, ಕೆಲವು ರಟ್ಟಿನ ಪೆಟ್ಟಿಗೆಗಳು. ಸಹಾಯ ಮಾಡಲೆಂದು ನಾನು ಬೇಲಿಯವರೆಗೆ ಹೋಗಿ ನಿಂತೆ. ಅಕ್ಕ ಟ್ರಕ್ ಹತ್ತುವ ಮುಂಚೆ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಆಗುತ್ತಿತ್ತು.

"ಕಿವಿ ಹರಿದ ಕುರಿಗೆ ಎಡಗಡೆ ಕೆಚ್ಚಲು ಬಾವು" ಎಂದಳು. "ಎರಡು ಹೊತ್ತೂ ಬಿಸಿನೀರಿನ ಬಟ್ಟೆ ಒತ್ತು. ಇಲ್ಲದಿದ್ದರೆ ಅದನ್ನೂ ಟ್ರಕ್ಕಿಗೆ ಹಾಕ್ತಾನೆ."

ಅಷ್ಟು ಹೇಳಿ ಹೋದಳು. ಎಲ್ಲಿ ಹೋದಳು, ಎಷ್ಟು ದಿನ ಬದುಕಿದಳು, ನನಗೆ ಗೊತ್ತಿಲ್ಲ. ಹುಡುಕಲಿಲ್ಲ.

ಮುಂದಿನ ವಾರ ಯಜಮಾನ ಆ ಮನೆಯನ್ನು ನಮಗೆ ಕೊಟ್ಟ. ಗ್ರೀನ್ ಕಾರ್ಡಿಗೆ ಬೇಕಾದ ಲೆಟರನ್ನೂ ಅದೇ ದಿನ ಬರೆದುಕೊಟ್ಟ. ಎರಡು ವರ್ಷದ ಮೇಲೆ ನಿಮ್ಮ ಅಪ್ಪನನ್ನು ಆಸ್ಪತ್ರೆಯಿಂದ ನೇರವಾ‌ಗಿ ಕರೆತಂದದ್ದು ಆ ಮನೆಗೇ. ಅವನು ಅಂಬೆಗಾಲಿಟ್ಟದ್ದು ಆ ಜಗುಲಿಯ ಮೇಲೆ. ತಾನು ಹುಟ್ಟಿದ ಊರಿನ ಬಗ್ಗೆ ಅವನು ನಿಮಗೆ ಹೇಳುವ ಚೆಂದದ ಮಾತುಗಳನ್ನು ನಾನು ಎಂದೂ ತಡೆದಿಲ್ಲ.

ಸಾಮಾನು ಸಾಗಿಸಿದ ದಿನ ಹಿಂಬಾಗಿಲು ತೆರೆದು ನೋಡಿದೆ. ಮನೆಯ ಹಿಂದೆ ಅಕ್ಕನ ಸೊಪ್ಪಿನ ಮಡಿಗಳಿದ್ದವು. ಹೋಗುವ ಮುಂಚೆ ಆಕೆ ಎಲ್ಲವನ್ನೂ ಬೇರುಸಹಿತ ಕಿತ್ತು, ಬೇರು ಮೇಲಾಗಿ ಸಾಲುಸಾಲಾಗಿ ಮಲಗಿಸಿದ್ದಳು. ಒಂದು ಗಿಡವನ್ನೂ ಬಿಟ್ಟಿರಲಿಲ್ಲ. ನಡುವೆ ಎರಡು ದಿನ ಮಳೆ ಬಿದ್ದಿದ್ದರಿಂದ ಕೆಳಗಿದ್ದ ಸಾಸಿವೆ ಸೊಪ್ಪು ಇನ್ನೂ ಹಸಿರಾಗಿತ್ತು. ನಾನು ಮಡಿಲು ತುಂಬ ಆಯ್ದುಕೊಂಡು, ಮಣ್ಣು ತೊಳೆದು, ಬೇಳೆ ಹಾಕಿ ಸಾರು ಮಾಡಿದೆ. ನಿಮ್ಮ ತಾತ ಎರಡು ಸಲ ಬಡಿಸಿಕೊಂಡರು. ನಾನೂ ಹೊಟ್ಟೆ ತುಂಬ ಉಂಡೆ.